ಗೂಗಲ್‌ಗೆ ಕಾಣದ ಖಣದಂಗಡಿ: ಗುಳೇದಗುಡ್ಡದ ಒಂದು ಪ್ರಕರಣ ಅಧ್ಯಯನ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಖಣ, ಅಂದರೆ ಕುಬಸದ (ರವಿಕೆಯ) ಬಟ್ಟೆ, ನೇಯಿಸಿ ಮಾರುವ ಒಂದು ಮನೆತನವಿದೆ. ಇಳಕಲ್ಲಿನಿಂದ ಸೀರೆಯನ್ನೂ ತರಿಸಿ ಇಡುತ್ತಾರೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಬಸ ಎಂಬ ಜೋಡಿಯನ್ನು ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬನಶಂಕರಿ ಜಾತ್ರೆಗೆ ಬಂದವರು, ಬಾದಾಮಿ ನೋಡಲು ಬಂದವರು, ಸೊಲ್ಲಾಪುರ ಕಡೆಯ ವ್ಯಾಪಾರಿಗಳು, ಹೀಗೆ ಗಿರಾಕಿಗಳು ತಾವಾಗಿಯೇ ಬರುತ್ತಿದ್ದರು. ದೂರದೂರಿನವರ ಆರ್ಡರುಗಳನ್ನು ಮನೆಯ ಸೊಸೆ ವಾಟ್ಸ್ಆ್ಯಪಿನಲ್ಲಿ ನೋಡಿಕೊಳ್ಳುತ್ತಿದ್ದಳು. ಫೋಟೊ ಕಳಿಸುವುದು, ದರ ಹೇಳುವುದು, ವಿಳಾಸ ಬರೆದುಕೊಳ್ಳುವುದು ಕೈಮೀರತೊಡಗಿದಾಗ ವೆಬ್‌ಸೈಟ್ ಮಾಡಿಸಿದರು. ಹುಬ್ಬಳ್ಳಿಯ ಹುಡುಗನೊಬ್ಬ ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶದಲ್ಲಿ ಕಟ್ಟಿಕೊಟ್ಟ. ನೋಡಲು ಚೆಂದವಿತ್ತು, ಫೋನಿನಲ್ಲೂ ಸರಿಯಾಗಿ ತೆರೆಯುತ್ತಿತ್ತು, ಹಣ ಪಾವತಿಯೂ ಆಗುತ್ತಿತ್ತು.

ಶ್ರಾವಣಕ್ಕೆ ಮುಂಚೆ ಸೈಟ್ ಶುರುವಾಯಿತು, ದೀಪಾವಳಿಯೂ ಮುಗಿಯಿತು. ಲಿಂಕ್ ಕಳಿಸಿದ ಹಳೇ ಗಿರಾಕಿಗಳನ್ನು ಬಿಟ್ಟರೆ ಹೊಸ ಮುಖ ಒಂದೂ ಬರಲಿಲ್ಲ. ಅಂಗಡಿಯ ಹೆಸರನ್ನೇ ಗೂಗಲ್‌ನಲ್ಲಿ ಹಾಕಿದರೆ ಅದೇ ಹೆಸರಿನ ಬೇಕರಿಯೊಂದು ಮೇಲೆ ಬರುತ್ತಿತ್ತು. ಆ ಹೊತ್ತಿಗೆ ಒಂದು ಏಜೆನ್ಸಿಯಿಂದ ಫೋನ್ ಬಂತು. ಐನೂರು ಸರ್ಚ್ ಎಂಜಿನ್‌ಗಳಿಗೆ ಸೈಟನ್ನು ಸಲ್ಲಿಸುತ್ತೇವೆ, ಸಾವಿರಾರು ಲಿಂಕ್ ಕೊಡಿಸುತ್ತೇವೆ, ಮೂರು ತಿಂಗಳಲ್ಲಿ ಮೊದಲ ಪುಟ ಗ್ಯಾರಂಟಿ ಎಂದರು. ಕೇಳಿದ್ದು ಅರ್ಧ ಲಕ್ಷಕ್ಕೂ ಮೇಲೆ. ಯಜಮಾನರು ನನಗೆ ಫೋನ್ ಮಾಡಿ ಕೇಳಿದ್ದು ಇಷ್ಟೇ: "ರೊಕ್ಕ ಕೊಟ್ರ ಮ್ಯಾಲ ತರತಾರಂತ, ಖರೇ ಏನ್ರಿ?"

ಜಾಹೀರಾತಿಗೆ ಹಣ ಕೊಟ್ಟರೆ ಪ್ರಾಯೋಜಿತ ಎಂಬ ಗುರುತು ಹೊತ್ತು ಮೇಲೆ ಬರಬಹುದು, ಹಣ ನಿಂತ ದಿನ ಅದೂ ನಿಲ್ಲುತ್ತದೆ. ಅದರಾಚೆಗಿನ ಸಾಮಾನ್ಯ ಫಲಿತಾಂಶದಲ್ಲಿ ಜಾಗವನ್ನು ಗೂಗಲ್ ಯಾರಿಗೂ ಮಾರುವುದಿಲ್ಲ. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಕೊಡಲಾಗದು ಎಂದು ತನ್ನ ಮಾರ್ಗದರ್ಶಿಯಲ್ಲಿ ಅದೇ ಬರೆದಿದೆ. ಐನೂರು ಸರ್ಚ್ ಎಂಜಿನ್ ಎಂಬುದಂತೂ ನಗೆಪಾಟಲು. ನಮ್ಮ ಗಿರಾಕಿಗಳು ಬಳಸುವುದು ಬಹುತೇಕ ಗೂಗಲ್, ಅಲ್ಲೊಬ್ಬ ಇಲ್ಲೊಬ್ಬ ಬಿಂಗ್. ಯಾಹೂ, ಡಕ್‌ಡಕ್‌ಗೋ ತಮ್ಮ ಫಲಿತಾಂಶಗಳನ್ನು ಬಹುಮಟ್ಟಿಗೆ ಬಿಂಗ್‌ನಿಂದಲೇ ತೆಗೆದುಕೊಳ್ಳುತ್ತವೆ. ಉಳಿದ ನಾನೂರ ತೊಂಬತ್ತು ಚಿಲ್ಲರೆ ಎಂಜಿನ್‌ಗಳು ಎಲ್ಲಿವೆ ಎಂದು ಏಜೆನ್ಸಿಯವರನ್ನೇ ಕೇಳಬೇಕು. ಹಣ ಕೊಡುವುದನ್ನು ತಡೆದು, ಮೊದಲು ಸೈಟಿನ ಸ್ಥಿತಿ ನೋಡೋಣ ಎಂದೆ.

ಹಿಂದೆ ಬಿದ್ದಿದೆಯೋ, ಪಟ್ಟಿಯಲ್ಲೇ ಇಲ್ಲವೋ

"ನಮ್ಮ ಸೈಟ್ ಗೂಗಲ್‌ನಲ್ಲಿ ಬರುತ್ತಿಲ್ಲ" ಎಂಬ ಒಂದೇ ದೂರಿನೊಳಗೆ ಎರಡು ಬೇರೆ ಕಾಯಿಲೆಗಳಿರುತ್ತವೆ. ಗೂಗಲ್ ನಿಮ್ಮ ಪುಟವನ್ನು ಓದಿ ತನ್ನ ಸಂಗ್ರಹದಲ್ಲಿ, ಅಂದರೆ ಇಂಡೆಕ್ಸ್‌ನಲ್ಲಿ, ಇಟ್ಟುಕೊಂಡಿದ್ದರೂ ಬೇರೆಯವರನ್ನು ಮುಂದೆ ತೋರಿಸುತ್ತಿರಬಹುದು. ಅಥವಾ ನಿಮ್ಮ ಪುಟ ಇಂಡೆಕ್ಸ್‌ನಲ್ಲೇ ಇಲ್ಲದಿರಬಹುದು. ಮೊದಲನೆಯದು ಪೈಪೋಟಿ, ಎರಡನೆಯದು ಸಾಮಾನ್ಯವಾಗಿ ತಾಂತ್ರಿಕ ಅಡ್ಡಿ. ಎರಡನ್ನೂ ಒಂದೇ ಎಂದುಕೊಂಡವರು ಎರಡನೆಯದಕ್ಕೆ ಮೊದಲನೆಯದರ ಔಷಧ ಕೊಳ್ಳುತ್ತಾರೆ. ಏಜೆನ್ಸಿಗಳು ಬದುಕಿರುವುದೇ ಈ ಗೊಂದಲದ ಮೇಲೆ.

ಬೇರೆ ಮಾಡಿ ನೋಡುವುದು ಕಷ್ಟವಲ್ಲ. ಗೂಗಲ್ ಹುಡುಕುಪೆಟ್ಟಿಗೆಯಲ್ಲಿ ಸೈಟ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವಿಳಾಸ ಬರೆದರೆ ಆ ಸೈಟಿನಿಂದ ಇಂಡೆಕ್ಸ್ ಆದ ಪುಟಗಳು ಬರುತ್ತವೆ. ಲೆಕ್ಕ ಪಕ್ಕಾ ಅಲ್ಲ, ಇದೆಯೋ ಇಲ್ಲವೋ ಎಂದು ತಿಳಿಯಲು ಸಾಕು. ಖಣದಂಗಡಿಗೆ ಬಂದ ಉತ್ತರ: ಏನೂ ಇಲ್ಲ. ಒಂದು ಪುಟವೂ ಇಲ್ಲ. ಅಂದರೆ ಪೈಪೋಟಿಯ ಮಾತು ಆಮೇಲಿನದು.

ಕಾರಣ ತಿಳಿಯಲು ಗೂಗಲ್‌ನ ಉಚಿತ ಸಾಧನ ಸರ್ಚ್ ಕನ್ಸೋಲ್ ಬೇಕು. ಅದರೊಳಗೆ ಹೋಗಲು ಸೈಟ್ ನಿಮ್ಮದೆಂದು ಸಾಬೀತು ಮಾಡಬೇಕು. ಡೊಮೇನ್, ಅಂದರೆ ಸೈಟಿನ ವಿಳಾಸ, ನೋಂದಾಯಿಸಿದ ಖಾತೆಯ ಡಿಎನ್ಎಸ್ (ಆ ವಿಳಾಸದ ದಾಖಲೆಗಳ) ವಿಭಾಗದಲ್ಲಿ ಗೂಗಲ್ ಕೊಟ್ಟ ಒಂದು ಸಾಲು ಸೇರಿಸುವುದು ಎಲ್ಲಕ್ಕಿಂತ ಗಟ್ಟಿಯಾದ ದಾರಿ. ಇಲ್ಲಿ ಕೆಲಸ ಕೆಲಹೊತ್ತು ನಿಂತಿತು, ಏಕೆಂದರೆ ಡೊಮೇನ್ ಹುಬ್ಬಳ್ಳಿಯ ಹುಡುಗನ ಖಾತೆಯಲ್ಲಿತ್ತು. ಅವನು ಒಳ್ಳೆಯವನು, ಕೇಳಿದ ಕೂಡಲೇ ವರ್ಗಾಯಿಸಿದ. ಎಲ್ಲರಿಗೂ ಈ ಭಾಗ್ಯ ಇರುವುದಿಲ್ಲ. ಅಂಗಡಿಯ ಬಾಡಿಗೆ ಪತ್ರ ಯಾರ ಹೆಸರಲ್ಲಿದೆ ಎಂದು ಹತ್ತು ಸಲ ನೋಡುವ ನಮ್ಮ ವ್ಯಾಪಾರಸ್ಥರು ಡೊಮೇನ್ ಯಾರ ಹೆಸರಲ್ಲಿದೆ ಎಂದು ಒಂದು ಸಲವೂ ಕೇಳುವುದಿಲ್ಲ.

ಸರ್ಚ್ ಕನ್ಸೋಲ್‌ನಲ್ಲಿ ಮುಖಪುಟದ ವಿಳಾಸ ಹಾಕಿ ತಪಾಸಣೆ ಮಾಡಿದಾಗ ಕಾರಣ ಒಂದೇ ಸಾಲಿನಲ್ಲಿ ಬಂತು: ಪುಟದಲ್ಲಿ 'ನೋಇಂಡೆಕ್ಸ್' ಸೂಚನೆ ಇದೆ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಎಂಬ ವಿಭಾಗದ ತಳದಲ್ಲಿ, ಈ ಸೈಟನ್ನು ಇಂಡೆಕ್ಸ್ ಮಾಡದಂತೆ ಸರ್ಚ್ ಎಂಜಿನ್‌ಗಳಿಗೆ ಹೇಳುವ ಒಂದು ಚೌಕವಿದೆ. ಸೈಟ್ ಕಟ್ಟುವಾಗ ಅರೆಬರೆ ಪುಟಗಳು ಹೊರಗೆ ಕಾಣಬಾರದೆಂದು ಅದಕ್ಕೆ ಟಿಕ್ ಹಾಕುವುದು ರೂಢಿ, ಅದು ಸರಿಯಾದ ರೂಢಿಯೇ. ಕಟ್ಟಿ ಮುಗಿದ ಮೇಲೆ ತೆಗೆಯಬೇಕು. ತೆಗೆದಿರಲಿಲ್ಲ. ಒಳಗೆ ದೀಪ ಹಚ್ಚಿ, ಗಾದಿ ಹಾಸಿ, ಹೊರಗೆ ಶಟರ್ ಎಳೆದೇ ಇಟ್ಟ ಅಂಗಡಿಯಂತೆ ಸೈಟ್ ಅಷ್ಟು ತಿಂಗಳು ಇತ್ತು.

ಇದಕ್ಕೆ ಇನ್ನೊಂದು ಪರಿಣಾಮವೂ ಇತ್ತು. 2020ರ ಆಗಸ್ಟ್‌ನಲ್ಲಿ ಬಂದ 5.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನೇ ಸೈಟ್‌ಮ್ಯಾಪ್, ಅಂದರೆ ಪುಟಗಳ ವಿಳಾಸಪಟ್ಟಿ, ತಯಾರಿಸುತ್ತದೆ. ಆ ಚೌಕದಲ್ಲಿ ಟಿಕ್ ಇದ್ದರೆ ಸೈಟ್‌ಮ್ಯಾಪ್ ಕೂಡ ಹುಟ್ಟುವುದಿಲ್ಲ. ಟಿಕ್ ತೆಗೆದೆವು, ಸೈಟ್‌ಮ್ಯಾಪ್ ಬಂತು, ಅದರ ವಿಳಾಸವನ್ನು ಸರ್ಚ್ ಕನ್ಸೋಲ್‌ಗೆ ಕೊಟ್ಟೆವು. ಒಂದು ಸೈಟ್‌ಮ್ಯಾಪ್ ಕಡತಕ್ಕೆ 50,000 ವಿಳಾಸಗಳ ಮಿತಿ ಇದೆ. ಇನ್ನೂರರ ಒಳಗಿನ ಪುಟಗಳಿಗೆ ಆ ಚಿಂತೆ ಇಲ್ಲ. ಬಿಂಗ್‌ನ ಇಂಥದೇ ಸಾಧನಕ್ಕೆ ಗೂಗಲ್‌ನಿಂದ ನೇರವಾಗಿ ಸೈಟನ್ನು ಆಮದು ಮಾಡಿಕೊಳ್ಳಬಹುದು, ಅದನ್ನೂ ಮಾಡಿ ಮುಗಿಸಿದೆವು.

ಮುಖಪುಟಕ್ಕೂ ಒಂದೆರಡು ಮುಖ್ಯ ಪುಟಗಳಿಗೂ 'ಇಂಡೆಕ್ಸ್ ಮಾಡಿ' ಎಂಬ ಕೋರಿಕೆ ಕೊಟ್ಟೆವು. ಸೊಸೆ ಆ ಗುಂಡಿಯನ್ನು ದಿನಾ ಒತ್ತಲೇ ಎಂದು ಕೇಳಿದಳು. ಒಂದೇ ಪುಟಕ್ಕೆ ಮತ್ತೆಮತ್ತೆ ಕೋರಿದರೆ ಬೇಗ ಆಗುವುದಿಲ್ಲ, ಅದನ್ನೂ ಗೂಗಲ್ ಸ್ಪಷ್ಟವಾಗಿ ಹೇಳಿದೆ. ಕೆಲವು ದಿನವೂ ಆಗಬಹುದು, ಕೆಲವು ವಾರವೂ ಆಗಬಹುದು. ಗೂಗಲ್ ಆ ಕ್ಷಣವೇ ಪುಟ ತೆರೆದು ನೋಡುವ ಲೈವ್ ಟೆಸ್ಟ್‌ನಲ್ಲಿ ಅದು ಸಲೀಸಾಗಿ ತೆರೆದಿದ್ದರಿಂದ ಹೋಸ್ಟಿಂಗ್‌ನ ಫೈರ್‌ವಾಲ್ ಗೂಗಲ್‌ಬಾಟನ್ನು, ಅಂದರೆ ಪುಟ ಓದಲು ಬರುವ ಗೂಗಲ್‌ನ ತಂತ್ರಾಂಶವನ್ನು, ತಡೆಯುತ್ತಿಲ್ಲ ಎಂದೂ ಖಾತ್ರಿಯಾಯಿತು. ವಿದೇಶಿ ಸಂಪರ್ಕಗಳನ್ನೆಲ್ಲ ತಡೆಯುವ ಹೋಸ್ಟಿಂಗ್‌ಗಳಲ್ಲಿ ಈ ತೊಂದರೆ ಇರುತ್ತದೆ, ಏಕೆಂದರೆ ಗೂಗಲ್‌ಬಾಟ್ ಹೆಚ್ಚಾಗಿ ಬರುವುದು ಅಮೆರಿಕದ ಐಪಿ ವಿಳಾಸಗಳಿಂದ.

ಬಾಗಿಲು ತೆರೆದ ಮೇಲೆ ಕಂಡದ್ದು

ಮೊದಲು ಇಂಡೆಕ್ಸ್ ಆದವುಗಳಲ್ಲಿ ಅಂಗಡಿಯ ಮುಖಪುಟ ಇತ್ತು, ಸರಿ. ಜೊತೆಗೆ 'ಹಲೋ ವರ್ಲ್ಡ್' ಎಂಬ ವರ್ಡ್‌ಪ್ರೆಸ್‌ನ ಮಾದರಿ ಬರಹ, ಮತ್ತು ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಜೊತೆ ಬಂದಿದ್ದ ಟೀ ಶರ್ಟು, ತಂಪು ಕನ್ನಡಕಗಳ ಮಾದರಿ ಪುಟಗಳೂ ಇದ್ದವು. ಮೆನುವಿನಲ್ಲಿ ಇಲ್ಲದಿದ್ದರಿಂದ ಮನೆಯವರು ಯಾರೂ ಅವನ್ನು ನೋಡಿರಲಿಲ್ಲ. ಸೈಟ್‌ಮ್ಯಾಪ್‌ನಲ್ಲಿ ಮಾತ್ರ ಅವಕ್ಕೂ ಸಮಾನ ಸ್ಥಾನ. ಖಣ ಮಾರುವ ಅಂಗಡಿ ಗೂಗಲ್‌ಗೆ ಮೊದಲು ಪರಿಚಯವಾದದ್ದು ಕನ್ನಡಕ ಮಾರುವ ಅಂಗಡಿಯಾಗಿ!

ಅವನ್ನು ಅಳಿಸಿದರಾಯಿತು. ಆದರೆ ಯಜಮಾನರ ಅಳಿಯನೊಬ್ಬ, ಕಂಪ್ಯೂಟರ್ ಬಲ್ಲವನು, ರೋಬೋಟ್ಸ್ ಕಡತದಲ್ಲಿ ಅವನ್ನು ತಡೆದುಬಿಡೋಣ ಎಂದ. ಇದು ಬಹಳ ಜನ ಹೇಳುವ ಮಾತಾದ್ದರಿಂದ ಇಲ್ಲಿ ತುಸು ನಿಲ್ಲಬೇಕು. 1994ರಿಂದ ಬಳಕೆಯಲ್ಲಿರುವ ರೋಬೋಟ್ಸ್ ಕಡತ ಹೇಳುವುದು 'ಈ ಪುಟವನ್ನು ಓದಬೇಡ' ಎಂದು. ನೋಇಂಡೆಕ್ಸ್ ಹೇಳುವುದು 'ಓದು, ಆದರೆ ಸಂಗ್ರಹದಲ್ಲಿ ಇಡಬೇಡ' ಎಂದು. ಓದುವುದನ್ನೇ ತಡೆದರೆ ಪುಟ ಅಳಿದದ್ದಾಗಲಿ, ಅದರ ಮೇಲಿನ ನೋಇಂಡೆಕ್ಸ್ ಆಗಲಿ ಗೂಗಲ್‌ಗೆ ಗೊತ್ತೇ ಆಗುವುದಿಲ್ಲ. ಈಗಾಗಲೇ ಸಂಗ್ರಹದಲ್ಲಿರುವ ವಿಳಾಸ ಅಲ್ಲೇ ಉಳಿದುಬಿಡಬಹುದು. ಆದ್ದರಿಂದ ಅಳಿಸಿ ಸುಮ್ಮನಾದೆವು. ಗೂಗಲ್‌ಬಾಟ್ ಮತ್ತೆ ಬಂದು 404, ಅಂದರೆ ಪುಟ ಇಲ್ಲ ಎಂಬ ಉತ್ತರ, ನೋಡಿಕೊಂಡು ತಾನೇ ಕೈಬಿಟ್ಟಿತು.

ಆಗಲೇ ಸೊಸೆಯಿಂದ ಒಂದು ಸ್ಕ್ರೀನ್‌ಶಾಟ್ ಬಂತು, ಕೆಳಗೆ ಒಂದು ಸಾಲು: "ಅಣ್ಣಾರ, ಇದು ಯಾವ ಭಾಷಾರೀ?"

ಹುಡುಕಾಟದಲ್ಲಿ ಅಂಗಡಿಯ ಹೆಸರು ಇಂಗ್ಲಿಷಿನಲ್ಲಿ ಸರಿಯಾಗಿಯೇ ಬಂದಿತ್ತು. ಅದರ ಕೆಳಗೆ ವಿವರಣೆ ಬರುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಚುಕ್ಕಿ ಗೆರೆ ಹೊತ್ತ ಯುರೋಪಿನ ಅಕ್ಷರಗಳು, ನಡುನಡುವೆ ಭಿನ್ನರಾಶಿಯ ಗುರುತುಗಳು ಒಂದಕ್ಕೊಂದು ಹೆಣೆದು ಕುಳಿತಿದ್ದವು. ಡಿಟಿಪಿ ಕೆಲಸ ಮಾಡಿದ ಯಾರೇ ಆದರೂ ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಅದು ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕನ್ನಡ.

ಆದದ್ದು ಇಷ್ಟು. ಅಂಗಡಿಯವರು ಹಿಂದೊಮ್ಮೆ ಮುದ್ರಿತ ಕ್ಯಾಟಲಾಗ್ ಮಾಡಿಸಿದ್ದರು. ಪಠ್ಯವನ್ನು ಊರಿನ ಡಿಟಿಪಿ ಅಂಗಡಿಯಲ್ಲಿ ನುಡಿಯಲ್ಲಿ ಟೈಪ್ ಮಾಡಿಸಿದ್ದರು. ಅದೇ ಕಡತ ವೆಬ್‌ಸೈಟಿಗೂ ಹೋಯಿತು. ಸೈಟಿಗೆ ಹಾಕಿದಾಗ ಅಕ್ಷರ ಗೋಜಲಾಗಿ ಕಂಡದ್ದಕ್ಕೆ ಹುಬ್ಬಳ್ಳಿಯ ಹುಡುಗ ಆ ಫಾಂಟನ್ನೇ ಸೈಟಿನಲ್ಲಿ ಅಳವಡಿಸಿದ. ಪರದೆಯ ಮೇಲೆ ಚೊಕ್ಕ ಕನ್ನಡ ಮೂಡಿತು, ಎಲ್ಲರಿಗೂ ಸಮಾಧಾನವಾಯಿತು. ಆದರೆ ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರದ ತುಣುಕುಗಳ ಚಿತ್ರ ಕೂರಿಸಿದಂಥವು. ಕಾಣುವುದು ಕನ್ನಡ, ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಸಂಕೇತ. ಗೂಗಲ್‌ಬಾಟ್ ಓದುವುದು ಆ ಸಂಕೇತವನ್ನು. ಪುಟದ ಕೋಡಿನಲ್ಲಿ 'ಇದು ಕನ್ನಡ' ಎಂದು ಘೋಷಿಸಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಪುಟದ ಭಾಷೆಯನ್ನು ಗೂಗಲ್ ನಿರ್ಧರಿಸುವುದು ಪುಟದ ಪಠ್ಯದ ಸಂಕೇತದಿಂದ, ಆ ಘೋಷಣೆಯಿಂದಲ್ಲ. ಹೀಗಾಗಿ 'ಗುಳೇದಗುಡ್ಡ ಖಣ' ಎಂದು ಕನ್ನಡದಲ್ಲಿ ಹುಡುಕಿದವರಿಗೆ ಈ ಸೈಟ್ ಸಿಗುವ ದಾರಿಯೇ ಇರಲಿಲ್ಲ. ಆ ಎರಡು ಪದಗಳು ಸೈಟಿನ ಯಾವ ಪುಟದಲ್ಲೂ ಇರಲಿಲ್ಲ.

ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು ಅದರ ಮೊದಲ ಆವೃತ್ತಿಯಲ್ಲೇ, 1991ರಲ್ಲಿ. ಈಗಿನ ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ. ಆದರೂ ಮುದ್ರಣದ ಕೆಲಸ ಹಳೆಯ ಫಾಂಟುಗಳಿಗೇ ಒಗ್ಗಿಕೊಂಡಿದೆ, ಆ ಕಡತಗಳು ವೆಬ್‌ಗೆ ಹರಿದು ಬರುತ್ತಲೇ ಇವೆ. ಸೊಸೈಟಿಗಳ, ಶಾಲೆಗಳ, ಮಠಗಳ ಸೈಟುಗಳಲ್ಲಿ ಇದನ್ನು ಈಗಲೂ ಕಾಣಬಹುದು. ಪರೀಕ್ಷೆ ಸುಲಭ: ಸೈಟಿನಿಂದ ಎರಡು ಸಾಲು ನಕಲು ಮಾಡಿ ವಾಟ್ಸ್ಆ್ಯಪಿನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ಗೋಜಲು ಬಂದರೆ ಗೂಗಲ್‌ಗೂ ಗೋಜಲೇ.

ಪರಿವರ್ತಕ ತಂತ್ರಾಂಶದಿಂದ ಎಲ್ಲ ಪಠ್ಯವನ್ನೂ ಯೂನಿಕೋಡ್‌ಗೆ ತಂದೆವು. ಪರಿವರ್ತಕ ನೂರಕ್ಕೆ ನೂರು ನಂಬುವಂಥದಲ್ಲ. ಒತ್ತಕ್ಷರ, ಅರ್ಕಾವತ್ತು, ಅಂಕಿಗಳ ಹತ್ತಿರ ಎಡವುತ್ತದೆ. ಸೂರ್ಯನಾರಾಯಣ ಎಂಬ ಖಣದ ಹೆಸರು ಒಂದು ಪುಟದಲ್ಲಿ 'ಸೂರ್ಯ' ಎಂದೂ ಇನ್ನೊಂದರಲ್ಲಿ 'ಸೂರ‍್ಯ' ಎಂದೂ ಆಗಿ ಬಂತು. ಕಣ್ಣಿಗೆ ಎರಡೂ ಸರಿ, ಒಳಗಿನ ಸಂಕೇತ ಬೇರೆ. ಎಲ್ಲ ಕಡೆ ಮೊದಲನೆಯದನ್ನೇ ಇಟ್ಟೆವು. ಕರಡು ತಿದ್ದುವ ಕೆಲಸವನ್ನು ಮನೆಯ ಕಾಲೇಜು ಹುಡುಗಿ ವಹಿಸಿಕೊಂಡಳು.

ಪುಟದ ಶೀರ್ಷಿಕೆಗಳ ಕಥೆ ಚಿಕ್ಕದು. ಎಲ್ಲ ಪುಟಗಳಿಗೂ ಒಂದೇ ಶೀರ್ಷಿಕೆ ಇತ್ತು, ಬೇರೆಬೇರೆ ಮಾಡಿದೆವು. ರಿಯಾಯಿತಿ, ಅಂಗಡಿಯ ವೇಳೆ, ವಿಳಾಸ ಎಲ್ಲ ಬ್ಯಾನರ್ ಚಿತ್ರದೊಳಗೆ ಇದ್ದವು, ಪಠ್ಯವಾಗಿ ಹೊರಗೆ ತಂದೆವು. ಫೋಟೊಗಳು ಫೋನಿನಿಂದ ಇಳಿದ ಗಾತ್ರದಲ್ಲೇ ಇದ್ದವು, ಕುಗ್ಗಿಸಿದೆವು. ಪುಟದ ಕೋಡಿನಲ್ಲಿ ಹುಡುಕುಪದಗಳನ್ನು ಬರೆಯುವ ಕೀವರ್ಡ್ ಮೆಟಾ ಟ್ಯಾಗ್‌ನಲ್ಲಿ ಯಾರೋ ನೂರು ಪದ ತುಂಬಿದ್ದರು; ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ, ಹಾಗೇ ಬಿಟ್ಟೆವು.

ಓದಿತು, ಆದರೆ ಇಟ್ಟುಕೊಳ್ಳಲಿಲ್ಲ

ಇಷ್ಟಾದ ಮೇಲೂ ಸೀರೆ, ಖಣಗಳ ಪುಟಗಳಲ್ಲಿ ಹೆಚ್ಚಿನವು ಸರ್ಚ್ ಕನ್ಸೋಲ್‌ನ ಒಂದು ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡವು: 'ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್'. ಇದರ ಪಕ್ಕದಲ್ಲೇ 'ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್' ಎಂಬ ಇನ್ನೊಂದು ಪಟ್ಟಿ ಇರುತ್ತದೆ. ಎರಡನೆಯದರಲ್ಲಿ ಗೂಗಲ್‌ಗೆ ವಿಳಾಸ ಗೊತ್ತು, ಇನ್ನೂ ಬಂದು ಓದಿಲ್ಲ, ಕಾಯಬಹುದು. ಮೊದಲನೆಯದರಲ್ಲಿ ಬಂದಿದೆ, ಓದಿದೆ, ಸದ್ಯಕ್ಕೆ ಬೇಡ ಎಂದಿದೆ. ಅಲ್ಲಿ ತಾಂತ್ರಿಕ ಅಡ್ಡಿ ಹುಡುಕುವುದಕ್ಕಿಂತ ಪುಟದಲ್ಲಿ ಏನಿದೆ ಎಂದು ನೋಡುವುದು ಲೇಸು.

ನೋಡಿದರೆ, ಏನೂ ಇರಲಿಲ್ಲ. ಸೀರೆಗಳ ವಿವರಣೆ ಸಗಟು ವ್ಯಾಪಾರಿಯ ಪಟ್ಟಿಯಿಂದ ಎತ್ತಿದ್ದು. ಅದೇ ಸಾಲುಗಳು ದೊಡ್ಡ ಮಾರಾಟತಾಣಗಳಲ್ಲಿ ಹತ್ತಾರು ಕಡೆ ಇದ್ದವು. ಖಣಗಳಿಗಂತೂ 'ಡಿಸೈನ್ 14, ಹಸಿರು', 'ಡಿಸೈನ್ 14, ನೇರಳೆ' ಎಂದು ಬಣ್ಣಕ್ಕೊಂದು ಪುಟ. ಫೋಟೊ ಬಿಟ್ಟರೆ ಎಲ್ಲ ಒಂದೇ. ಹೊಸ ಸೈಟಿನಿಂದ ಅದೇ ಮಾತನ್ನು ಇನ್ನೊಮ್ಮೆ ಸಂಗ್ರಹಿಸಲು ಗೂಗಲ್‌ಗೆ ಕಾರಣ ಯಾವುದು?

ಬಣ್ಣದ ಪುಟಗಳನ್ನು ಕೂಡಿಸಿ ಒಂದು ನಮೂನೆಗೆ ಒಂದು ಪುಟ ಮಾಡಿದೆವು, ಬಣ್ಣ ಅದರೊಳಗಿನ ಆಯ್ಕೆಯಾಯಿತು. ಹಳೆಯ ವಿಳಾಸಗಳನ್ನು 301, ಅಂದರೆ ಪುಟ ಶಾಶ್ವತವಾಗಿ ಬೇರೆಡೆಗೆ ಹೋಗಿದೆ ಎಂಬ ಸೂಚನೆಯ, ಮೂಲಕ ಹೊಸದಕ್ಕೆ ತಿರುಗಿಸಿದೆವು. ನಂಬರಿನ ಜಾಗದಲ್ಲಿ ನೇಕಾರರು ಕರೆಯುವ ಹೆಸರನ್ನೇ ಹಾಕಿದೆವು: ತೇರು, ಸೂರ್ಯನಾರಾಯಣ, ಆನೆ ಹೆಜ್ಜೆ, ಸೂಜಿಮಲ್ಲಿಗೆ. ಡಿಸೈನ್ 14 ಎಂದು ಹುಡುಕುವವರು ಯಾರೂ ಇಲ್ಲ. ಅವ್ವ ಉಡುತ್ತಿದ್ದ ಆನೆ ಹೆಜ್ಜೆಯ ಖಣ ಬೇಕೆಂದು ಹುಡುಕುವ ಮಗಳು ಇದ್ದಾಳೆ.

ನನ್ನ ಲೆಕ್ಕದಲ್ಲಿ ಈ ಪ್ರಕರಣದ ತಿರುವು ಇರುವುದು ಮುಂದಿನ ಕೆಲಸದಲ್ಲಿ. ಸೊಸೆಯ ವಾಟ್ಸ್ಆ್ಯಪಿನಲ್ಲಿ ವರ್ಷಗಳ ಪ್ರಶ್ನೆಗಳು ಬಿದ್ದಿದ್ದವು. ಒಂದು ಖಣದಲ್ಲಿ ಕುಬಸ ಆಗುತ್ತದೆಯೇ, ತೋಳು ಉದ್ದ ಇಟ್ಟರೆ ಸಾಲುತ್ತದೆಯೇ? ಬಣ್ಣ ಬಿಡುತ್ತದೆಯೇ? ಉಡಿ ತುಂಬಲು ಯಾವುದು ಕೊಡಬೇಕು? ಇದು ಕೈಮಗ್ಗವೋ ಪವರ್‌ಲೂಮೋ? ಇಳಕಲ್ ಸೀರೆ ಅಸಲಿ ಎಂದು ಹೇಗೆ ನಂಬಲಿ? ಅವಳು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸಿದ್ದಳು. ಜನ ಗೂಗಲ್‌ನಲ್ಲಿ ಕೇಳುವುದೂ ಇವನ್ನೇ, ಮತ್ತು ದೊಡ್ಡ ಮಾರಾಟತಾಣಗಳ ಪುಟಗಳಲ್ಲಿ ಇವಕ್ಕೆ ಉತ್ತರ ಇರುವುದಿಲ್ಲ. ಏಜೆನ್ಸಿಗೆ ಕೊಡಲು ತೆಗೆದಿಟ್ಟಿದ್ದ ಹಣದಲ್ಲಿ ಸ್ವಲ್ಪ ಭಾಗ ಒಳ್ಳೆಯ ಫೋಟೊಗಳಿಗೆ ಹೋಯಿತು, ಉಳಿದದ್ದು ಗಲ್ಲಾಪೆಟ್ಟಿಗೆಗೆ ವಾಪಸಾಯಿತು. ಬರೆಯಲು ಕುಳಿತವರು ಮನೆಯವರೇ.

ಇಳಕಲ್ ಸೀರೆಯ ಸೆರಗಿನ ಕೊಂಡಿಯ ಪುಟವನ್ನು ಉದಾಹರಣೆಗೆ ಹೇಳುತ್ತೇನೆ. ಮನೆಗೆ ಸೀರೆ ಕೊಡುವ ಹಿರಿಯ ನೇಕಾರರೊಬ್ಬರನ್ನು ಕೂರಿಸಿಕೊಂಡು ಮಾತಾಡಿಸಿದರು. ಅವರು ಶುರುಮಾಡಿದ್ದೇ ಹೀಗೆ: "ಮಯ್ಯಿಗೂ ಸೆರಗಿಗೂ ಕೂಡೋ ಜಾಗಾ ಹಿಡದ ನೋಡ್ರಿ, ಉಳಿದದ್ದ ಆಮ್ಯಾಲ." ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿಯ ಎಳೆ ಇದ್ದರೂ ಸೆರಗಿಗೆ ರೇಷ್ಮೆಯ ಎಳೆ ಇರುತ್ತದೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಹತ್ತಾರು ಸೀರೆಗೆ ಒಂದೇ ಉದ್ದನೆಯ ಹಾಸು ಮಾಡಿಕೊಂಡು ನೇಯಲು ಇಲ್ಲಿ ಬರುವುದಿಲ್ಲ, ಸೀರೆ ಸೀರೆಗೂ ಹಾಸು ಬೇರೆ ಕಟ್ಟಬೇಕು. ಕೆಂಪು ಸೆರಗಿನಲ್ಲಿ ಬಿಳಿಯ ಗೋಪುರದಂಥ ಸಾಲು ಬರುವ ಟೋಪೆ ತೆನೆಯನ್ನು ಎಲ್ಲರೂ ಗುರುತಿಸುತ್ತಾರೆ, ಅದನ್ನು ಅಚ್ಚು ಹಾಕಿದ ಬಟ್ಟೆಯಲ್ಲೂ ಮೂಡಿಸಬಹುದು. ಕೊಂಡಿಯ ಸಾಲು ಹಾಗಲ್ಲ. ಸೊಸೆ ಆ ಸಾಲಿನ ಹತ್ತಿರದ ಫೋಟೊ ತೆಗೆದು, ಸೆರಗಿನ ಹಿಂಬದಿಯನ್ನೂ ತೋರಿಸಿ, ನೇಕಾರರ ಮಾತನ್ನು ಅವರ ಧಾಟಿಯಲ್ಲೇ ಬರೆದಳು. ಕೈಮಗ್ಗ ಗುರುತು, ಭೌಗೋಳಿಕ ಸೂಚಕ ಎಂಬವು ಏನು ಎಂದು ಕೆಳಗೆ ಒಂದೆರಡು ಸಾಲು ಸೇರಿಸಿದಳು. ಅಂಥ ಐದಾರು ಪುಟಗಳಾದವು. ಪ್ರತಿ ಪುಟದಿಂದ ಅದಕ್ಕೆ ಸಂಬಂಧಿಸಿದ ಸೀರೆ, ಖಣಗಳ ಪುಟಗಳಿಗೆ ಲಿಂಕ್ ಕೊಟ್ಟೆವು. ಸೈಟಿನೊಳಗಿನ ಈ ಲಿಂಕುಗಳನ್ನು ಹಿಡಿದೇ ಗೂಗಲ್‌ಬಾಟ್ ಒಂದು ಪುಟದಿಂದ ಇನ್ನೊಂದಕ್ಕೆ ನಡೆಯುತ್ತದೆ.

ಇದನ್ನು ಕಂಡು ಅಳಿಯನಿಗೆ ಹುರುಪು ಬಂತು. 'ಪುಣೆಯಲ್ಲಿ ಖಣ', 'ಸೊಲ್ಲಾಪುರದಲ್ಲಿ ಖಣ', 'ದಾವಣಗೆರೆಯಲ್ಲಿ ಖಣ' ಎಂದು ಊರಿಗೊಂದರಂತೆ ನೂರಾರು ಪುಟಗಳನ್ನು ಎಐನಿಂದ ಬರೆಸಿ ಹಾಕೋಣ ಎಂದ. ಊರಿನ ಹೆಸರೊಂದೇ ಬದಲಾಗುವ ಇಂಥ ಪುಟಗಳು ಗೂಗಲ್‌ನ ಸ್ಪ್ಯಾಮ್ ನಿಯಮಗಳಲ್ಲಿ ಹೆಸರಿಸಿಯೇ ಬರುತ್ತವೆ. ಮನುಷ್ಯ ಬರೆಯಲಿ, ಯಂತ್ರ ಬರೆಯಲಿ, ಓದುಗನಿಗೆ ಉಪಯೋಗವಿಲ್ಲದ ಪುಟಗಳನ್ನು ಶ್ರೇಯಾಂಕಕ್ಕಾಗಿ ರಾಶಿಗಟ್ಟಲೆ ಸುರಿಯುವುದನ್ನು 2024ರ ಮಾರ್ಚ್‌ನಲ್ಲಿ ಆ ನಿಯಮಗಳಿಗೆ ಬಿಡಿಸಿ ಸೇರಿಸಿದ್ದಾರೆ. ಅಳಿಯ ಮುನಿಸಿಕೊಂಡ, ಆದರೆ ಯಜಮಾನರು ಒಪ್ಪಲಿಲ್ಲ.

ಮರಾಠಿಯ ವಿಷಯದಲ್ಲಿ ಮಾತ್ರ ಅವನು ಹೇಳಿದ್ದರಲ್ಲಿ ಹುರುಳಿತ್ತು. ಖಣಕ್ಕೆ ಮಹಾರಾಷ್ಟ್ರದಲ್ಲಿ ಹಳೆಯ ಬೇಡಿಕೆ ಇದೆ, ಅಲ್ಲಿಯವರು ಹುಡುಕುವುದು ಮರಾಠಿಯಲ್ಲಿ. ಸೊಸೆಯ ಅಕ್ಕ ನಿಪ್ಪಾಣಿಗೆ ಕೊಟ್ಟವಳು, ಅವಳ ಮನೆಯಲ್ಲಿ ಮರಾಠಿಯೇ ನಡೆಯುತ್ತದೆ. ಅವಳು ಮುಖ್ಯ ಪುಟಗಳನ್ನು ತನ್ನ ಮಾತಿನಲ್ಲಿ ಬರೆದುಕೊಟ್ಟಳು. ಕನ್ನಡ, ಮರಾಠಿ, ಇಂಗ್ಲಿಷ್ ಪುಟಗಳು ಒಂದೇ ವಿಷಯದ ಮೂರು ರೂಪ ಎಂದು ತಿಳಿಸುವ ಹ್ರೆಫ್‌ಲ್ಯಾಂಗ್ ಗುರುತನ್ನು ಮೂರರಲ್ಲೂ ಪರಸ್ಪರ ಹಾಕಿದೆವು. ಒಂದು ಕಡೆ ಮಾತ್ರ ಹಾಕಿದರೆ ಅದನ್ನು ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳದಿರಬಹುದು.

ಲಿಂಕು ಎಲ್ಲಿಂದ ಬಂದವು

ಬೇರೆ ಸೈಟುಗಳಿಂದ ಬರುವ ಲಿಂಕುಗಳಿಗೆ ಬೆಲೆ ಇರುವುದು ನಿಜ. ಸ್ಟ್ಯಾನ್‌ಫರ್ಡ್‌ನಲ್ಲಿ ಲ್ಯಾರಿ ಪೇಜ್, ಸರ್ಗೆ ಬ್ರಿನ್ 1998ರಲ್ಲಿ ಮುಂದಿಟ್ಟ ಪೇಜ್‌ರ‍್ಯಾಂಕ್‌ನ ತಿರುಳೇ ಅದು. ಅದರ ಬೆನ್ನಿಗೇ ಲಿಂಕ್ ಮಾರುವ ಧಂದೆಯೂ ಹುಟ್ಟಿತು. 2012ರಲ್ಲಿ ಪೆಂಗ್ವಿನ್ ಎಂಬ ಬದಲಾವಣೆಯಿಂದ ಗೂಗಲ್ ಅಂಥ ಸೈಟುಗಳನ್ನು ಕೆಳಗೆ ತಳ್ಳಿತು. 2016ರ ನಂತರ ಬಹುಪಾಲು ಅಂಥ ಲಿಂಕುಗಳನ್ನು ಲೆಕ್ಕದಿಂದಲೇ ಬಿಡುತ್ತದೆ. ಏಜೆನ್ಸಿಯವರು ಕೊಡಿಸುತ್ತೇವೆಂದ ಸಾವಿರಾರು ಲಿಂಕುಗಳಿಗೆ ಒಳ್ಳೆಯ ಸಂದರ್ಭದಲ್ಲಿ ಸಿಗುವ ಬೆಲೆ ಸೊನ್ನೆ.

ಅಂಗಡಿಗೆ ತನ್ನದೇ ಸಂಬಂಧಗಳಿದ್ದವು, ಅವು ವೆಬ್‌ನಲ್ಲಿ ಇರಲಿಲ್ಲ ಅಷ್ಟೇ. ಬೆಂಗಳೂರಿನಲ್ಲಿ ಮಳಿಗೆ ಹಾಕಿದ್ದ ಕೈಮಗ್ಗ ಮೇಳದ ಸಂಘಟಕರ ಸೈಟಿನಲ್ಲಿ ಅಂಗಡಿಯ ಹೆಸರಿತ್ತು, ಲಿಂಕ್ ಇರಲಿಲ್ಲ. ಮಿಂಚಂಚೆ ಬರೆದದ್ದಕ್ಕೆ ಸೇರಿಸಿದರು. ಖಣದಿಂದ ಚೀಲ, ಫೈಲು ಮಾಡುವ ಧಾರವಾಡದ ಮಹಿಳೆಯೊಬ್ಬರು ಬಟ್ಟೆ ಎಲ್ಲಿಂದ ಬರುತ್ತದೆ ಎಂದು ತಮ್ಮ ಸೈಟಿನಲ್ಲಿ ಬರೆದರು. ಜವಳಿ ವಿನ್ಯಾಸದ ವಿದ್ಯಾರ್ಥಿನಿಯೊಬ್ಬಳು ಮಗ್ಗ ನೋಡಿ ಹೋದವಳು ತನ್ನ ಬರಹದಲ್ಲಿ ಸೆರಗಿನ ಕೊಂಡಿಯ ಪುಟವನ್ನು ಉಲ್ಲೇಖಿಸಿದಳು. ಬೆರಳೆಣಿಕೆಯ ಲಿಂಕುಗಳು, ಎಲ್ಲವೂ ಬಟ್ಟೆಯ ಲೋಕದವು.

ಗೂಗಲ್‌ನ ನಕ್ಷೆಯಲ್ಲಿ ಅಂಗಡಿಯನ್ನು ತೋರಿಸುವ ಬಿಸಿನೆಸ್ ಪ್ರೊಫೈಲ್ ಬೇರೆಯೇ ಲೆಕ್ಕ. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದದ್ದು ಇದೇ. ಬಾದಾಮಿಗೆ ಬಂದ ಪ್ರವಾಸಿ ಫೋನಿನಲ್ಲಿ ಹತ್ತಿರದ ಖಣದಂಗಡಿ ಹುಡುಕಿದರೆ ಮೊದಲು ಕಾಣುವುದು ನಕ್ಷೆ, ವೆಬ್‌ಸೈಟ್ ಆಮೇಲೆ. ಅಂಗಡಿಯ ಬೋರ್ಡು, ಬೀದಿ, ಒಳಗಿನ ಮಾಲು ತೋರಿಸುವ ವಿಡಿಯೊ ಕಳಿಸಿ ಪರಿಶೀಲನೆ ಮುಗಿಸಿದೆವು. ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರು ಸೈಟಿನಲ್ಲೂ ಪ್ರೊಫೈಲಿನಲ್ಲೂ ಇನ್‌ಸ್ಟಾಗ್ರಾಂನಲ್ಲೂ ಅಕ್ಷರಶಃ ಒಂದೇ ಇರುವಂತೆ ತಿದ್ದಿದೆವು. ಬೇಕರಿಯಿಂದ ಅಂಗಡಿಯನ್ನು ಬೇರ್ಪಡಿಸಿ ತೋರಿಸಲು ಇದು ನೆರವಾಯಿತು ಎಂದು ನನ್ನ ಅಂದಾಜು.

ಯುಗಾದಿಯ ಹೊತ್ತಿಗೆ

ಅಂಗಡಿಯ ಹೆಸರು ಹಾಕಿದರೆ ಈಗ ಅಂಗಡಿಯೇ ಮೊದಲು ಬರುತ್ತದೆ, ಬೇಕರಿ ಕೆಳಗಿದೆ. ಸರ್ಚ್ ಕನ್ಸೋಲ್‌ನಲ್ಲಿ ಮೊದಲು ಏರಿದ್ದು ಇಂಪ್ರೆಶನ್, ಅಂದರೆ ಪುಟ ಯಾರದೋ ಫಲಿತಾಂಶದಲ್ಲಿ ಕಾಣಿಸಿಕೊಂಡ ಲೆಕ್ಕ. ಕ್ಲಿಕ್ ತಡವಾಗಿ ಬಂದವು. ಯಜಮಾನರು ನಡುವೆ ಧೈರ್ಯಗೆಟ್ಟು "ಕಾಣಸ್ತೈತಿ ಅಂತೀರಿ, ಯಾರೂ ಒಳಗ ಬರವಲ್ರಲ್ರಿ" ಎಂದದ್ದುಂಟು. ಹೊಸ ಸೈಟಿನಲ್ಲಿ ಈ ಅಂತರ ಸಹಜ. ಮೂರನೇ ನಾಲ್ಕನೇ ಪುಟದಲ್ಲಿ ಕಂಡದ್ದಕ್ಕೆ ಯಾರೂ ಒತ್ತುವುದಿಲ್ಲ.

ಅತಿ ಹೆಚ್ಚು ಜನರನ್ನು ತಂದದ್ದು ಸೀರೆಯ ಪುಟವೂ ಅಲ್ಲ, ಮುಖಪುಟವೂ ಅಲ್ಲ, ಕೊಂಡಿಯ ಪುಟ. ಆಮೇಲೆ ಉಡಿ ತುಂಬುವ ಖಣದ್ದು. ಮರಾಠಿ ಪುಟದಿಂದ ಪುಣೆಯ ಆರ್ಡರು ಬಂದಾಗ ನಿಪ್ಪಾಣಿಯ ಅಕ್ಕನಿಗೆ ಒಂದು ಇಳಕಲ್ ಸೀರೆ ಹೋಯಿತು. 'ಖಣ' ಎಂಬ ಒಂದೇ ಪದಕ್ಕಾಗಲಿ, 'ಇಳಕಲ್ ಸೀರೆ' ಎಂಬುದಕ್ಕಾಗಲಿ ಅಂಗಡಿ ಮೊದಲ ಪುಟದಲ್ಲಿಲ್ಲ. ಅಲ್ಲಿ ದೊಡ್ಡ ಮಾರಾಟತಾಣಗಳು ಕುಳಿತಿವೆ, ಬೇಗ ಏಳುವ ಲಕ್ಷಣವೂ ಇಲ್ಲ. ಸರಕಿನ ಪುಟಗಳಲ್ಲಿ ಕೆಲವು ಇನ್ನೂ ಇಂಡೆಕ್ಸ್‌ನ ಹೊರಗಿವೆ. ಎಲ್ಲ ಪುಟಗಳನ್ನೂ ಇಟ್ಟುಕೊಳ್ಳುತ್ತೇನೆಂದು ಗೂಗಲ್ ಯಾರಿಗೂ ಮಾತು ಕೊಟ್ಟಿಲ್ಲ, ಅವುಗಳ ಹಿಂದೆ ಬೀಳುವುದನ್ನು ಬಿಟ್ಟಿದ್ದೇವೆ.

ಸದ್ಯದ ತಕರಾರು ಮಾರಿಹೋದ ಸೀರೆಗಳದ್ದು. ಕೈಮಗ್ಗದ ಸೀರೆ ಒಂದೊಂದೇ ಇರುತ್ತದೆ, ಮಾರಿದ ಮೇಲೆ ಪುಟ ಏನಾಗಬೇಕು? ಹುಬ್ಬಳ್ಳಿಯ ಹುಡುಗ ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿಬಿಡೋಣ ಎಂದಿದ್ದ. ಸಂಬಂಧವಿಲ್ಲದ ಪುಟಕ್ಕೆ ಹಾಗೆ ತಿರುಗಿಸಿದರೆ ಗೂಗಲ್ ಅದನ್ನು ಸಾಫ್ಟ್ 404, ಅಂದರೆ ಇಲ್ಲದ ಪುಟಕ್ಕೆ ಸಮ, ಎಂದು ಬಗೆಯುತ್ತದೆ, ಬಂದ ಗಿರಾಕಿಯೂ ತಬ್ಬಿಬ್ಬಾಗುತ್ತಾನೆ. ಮತ್ತೆ ನೇಯಿಸಬಹುದಾದ ನಮೂನೆಯಾದರೆ ಪುಟ ಇಟ್ಟು 'ಮಾರಾಟವಾಗಿದೆ, ಹೇಳಿದರೆ ನೇಯಿಸಿ ಕೊಡುತ್ತೇವೆ' ಎಂದು ಬರೆಯುವುದು, ಆಗದಿದ್ದರೆ ಅಳಿಸಿ 404 ಬರಲು ಬಿಡುವುದು ಎಂದು ನಿರ್ಧಾರವಾಗಿದೆ. ಯಾವ ಸೀರೆ ಯಾವ ಗುಂಪಿಗೆ ಎಂದು ಅತ್ತೆ ಸೊಸೆ ಕೂತು ಪಟ್ಟಿ ಮಾಡುತ್ತಿದ್ದಾರೆ. ಇಲ್ಲಿಯವರೆಗೆ ಅತ್ತೆ ಒಂದನ್ನೂ ಅಳಿಸಲು ಬಿಟ್ಟಿಲ್ಲ.